ಅಧ್ಯಕ್ಷರ ಮಸೂದೆ, ಸೆನೆಟರ್‌ಗಳ ಕೈಬರಹ

2006ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಸೆನೆಟರ್‌ಗಳ ಕಚೇರಿಗಳಿರುವ ಡರ್ಕ್‌ಸನ್ ಕಟ್ಟಡದ ಕಾರಿಡಾರಿನಲ್ಲಿ ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸಿನ ಒಬ್ಬ ಹುಡುಗಿ, ಸೆನೆಟರ್ ಒಬ್ಬರ ಸಹಾಯಕಿ, ನನಗೊಂದು ಪ್ರಶ್ನೆ ಕೇಳಿದಳು. ಕೊಠಡಿ ಖಾಲಿ ಇಲ್ಲದ್ದರಿಂದ ನಾವು ಗೋಡೆಗೆ ಒರಗಿ ನಿಂತೇ ಮಾತನಾಡುತ್ತಿದ್ದೆವು. "ನಿಮ್ಮ ವಿದ್ಯುತ್ ಸ್ಥಾವರಗಳಿಗೆ ಹೊರದೇಶದ ಯುರೇನಿಯಂ ಬಂದರೆ, ನಿಮ್ಮ ನೆಲದಲ್ಲಿ ಸಿಗುವುದಷ್ಟೂ ಬಾಂಬಿಗೆ ಉಳಿಯುವುದಿಲ್ಲವೇ? ನಮ್ಮ ಸೆನೆಟರ್ ಈ ಮಸೂದೆಗೆ ಹೌದು ಎಂದರೆ, ಊರಿಗೆ ಹೋದಾಗ ಜನರಿಗೆ ಏನು ಹೇಳಬೇಕು?"

ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೂ ಮುಂಚಿನ ಹತ್ತು ನಿಮಿಷ ನಾನು ಭಾರತದ ಪ್ರಜಾಪ್ರಭುತ್ವದ ಬಗ್ಗೆ, ಹಳೆಯ ನಾಗರಿಕತೆಯ ಬಗ್ಗೆ ಮಾತನಾಡಿದ್ದೆ. ಆಕೆ ಒಂದಕ್ಷರವನ್ನೂ ಬರೆದುಕೊಂಡಿರಲಿಲ್ಲ. ಕೊಟ್ಟಿದ್ದ ಸಮಯವೇ ಹದಿನೈದು ನಿಮಿಷ.

ನಾನು ಕಾರವಾರದವನು. ಇಂಡಿಯಾನಾ ರಾಜ್ಯದಲ್ಲಿ ಯಂತ್ರಗಳ ಎಂಜಿನಿಯರ್ ಆಗಿ ನೆಲೆಸಿ, ಅಲ್ಲಿನ ಪೌರತ್ವ ಪಡೆದವನು. ಭಾರತ ಮತ್ತು ಅಮೆರಿಕದ ನಾಗರಿಕ ಪರಮಾಣು ಸಹಕಾರಕ್ಕೆ ಕಾನೂನಿನ ದಾರಿ ತೆರೆಯಬೇಕೆಂದು ಆಗ ಓಡಾಡಿದ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಅಧ್ಯಕ್ಷರೊಬ್ಬರು ಪ್ರಭಾವಿ ಸೆನೆಟರ್‌ಗಳ ಜೊತೆ ಹೇಗೆ ಕೆಲಸ ಮಾಡಿ ಕಾಯ್ದೆ ಪಡೆಯುತ್ತಾರೆ ಎಂಬುದನ್ನು ನಾನು ನೋಡಿದ್ದು ಕೆಳಗಿನಿಂದ, ಕಾರಿಡಾರುಗಳಲ್ಲಿ. ಶ್ವೇತಭವನದ ಒಳಗೆ ನಾನು ಕಾಲಿಟ್ಟಿಲ್ಲ. ಆದರೆ ಅಲ್ಲಿಂದ ಬಂದ ಮಸೂದೆ ಸೆನೆಟಿನಲ್ಲಿ ಏನಾಯಿತೆಂಬುದನ್ನು ಪುಟಪುಟವಾಗಿ ಹಿಂಬಾಲಿಸಿದ್ದೇನೆ.

ಹಿನ್ನೆಲೆ ಇಷ್ಟು. 2005ರ ಜುಲೈ 18ರಂದು ಅಧ್ಯಕ್ಷ ಜಾರ್ಜ್ ಬುಷ್ ಮತ್ತು ಪ್ರಧಾನಿ ಮನಮೋಹನ ಸಿಂಗ್ ವಾಷಿಂಗ್ಟನ್ನಿನಲ್ಲಿ ಜಂಟಿ ಹೇಳಿಕೆ ಹೊರಡಿಸಿದರು. ಮರುವರ್ಷ ಮಾರ್ಚ್ 2ರಂದು ದೆಹಲಿಯಲ್ಲಿ ಅದಕ್ಕೊಂದು ರೂಪ ಬಂತು: ಭಾರತದ 22 ಸ್ಥಾವರಗಳಲ್ಲಿ 14 ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ನಿಗಾ ಒಳಗೆ ಬರಬೇಕು, ಎಂಟು ಹೊರಗೆ ಉಳಿಯಬೇಕು. ನಮ್ಮ ಕೈಗಾ ಆ ಎಂಟರ ಪಟ್ಟಿಯಲ್ಲಿತ್ತು. ಇಬ್ಬರು ನಾಯಕರು ಕೈಕುಲುಕಿದರೂ ಅಮೆರಿಕದ ಕಾನೂನು ಅಡ್ಡ ನಿಂತಿತ್ತು. 1954ರ ಪರಮಾಣು ಶಕ್ತಿ ಕಾಯ್ದೆ ಮತ್ತು 1974ರ ಪೋಖರಣ್ ಸ್ಫೋಟದ ನಂತರ 1978ರಲ್ಲಿ ಬಂದ ಬಿಗಿ ಕಾಯ್ದೆಯ ಪ್ರಕಾರ, ತನ್ನ ಎಲ್ಲ ಸ್ಥಾವರಗಳನ್ನೂ ನಿಗಾಕ್ಕೆ ಒಪ್ಪಿಸದ ದೇಶಕ್ಕೆ ಅಮೆರಿಕ ಪರಮಾಣು ಸಾಮಗ್ರಿ ಕೊಡುವಂತಿರಲಿಲ್ಲ. ಆ ಗಂಟನ್ನು ಬಿಚ್ಚಲು ಅಧ್ಯಕ್ಷರೊಬ್ಬರಿಂದ ಆಗುತ್ತಿರಲಿಲ್ಲ. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾಯ್ದೆಯನ್ನೇ ತಿದ್ದಬೇಕಿತ್ತು.

2006ರ ಮಾರ್ಚ್‌ನಲ್ಲಿ ಸರ್ಕಾರ ಒಂದು ಕರಡು ಕಳಿಸಿತು. ಸೆನೆಟ್ ವಿದೇಶಾಂಗ ಸಮಿತಿಯ ಅಧ್ಯಕ್ಷ ರಿಚರ್ಡ್ ಲೂಗರ್ ಅದನ್ನು ಮಂಡಿಸಿದರು. ಅವರು ನಮ್ಮ ಇಂಡಿಯಾನಾದವರೇ. ಹಿಂದೆ ಇಂಡಿಯಾನಾಪೊಲಿಸ್ ನಗರದ ಮೇಯರ್ ಆಗಿದ್ದವರು. ಸುದ್ದಿ ತಿಳಿದ ದಿನ ನಮ್ಮ ಗುಂಪಿನಲ್ಲಿ ಸಿಹಿ ಹಂಚಿದೆವು. ಲೂಗರ್ ಅವರೇ ಮಂಡಿಸಿದ ಮೇಲೆ ಇನ್ನೇನು ಎಂಬುದು ನಮ್ಮ ಎಣಿಕೆ. ವಾಷಿಂಗ್ಟನ್ನಿನಲ್ಲಿ ಹಲವು ವರ್ಷ ಓಡಾಡಿದ ಹಿರಿಯರೊಬ್ಬರು ಮಸೂದೆಯ ಮೊದಲ ಪುಟದ ಒಂದು ಮಾತಿನ ಮೇಲೆ ಬೆರಳಿಟ್ಟು ನಮ್ಮನ್ನು ತಣ್ಣಗಾಗಿಸಿದರು: ಸರ್ಕಾರದ ಕೋರಿಕೆಯ ಮೇರೆಗೆ. ಅದು ಸಮಿತಿಯ ಅಧ್ಯಕ್ಷರು ಸಲ್ಲಿಸುವ ಸೌಜನ್ಯ ಮಾತ್ರ, ಒಪ್ಪಿಗೆಯಲ್ಲ. ಅವರ ಮನಸ್ಸು ತಿಳಿಯಲು ವಿಚಾರಣೆಯವರೆಗೆ ಕಾಯಬೇಕಿತ್ತು.

ಆ ಕರಡಿನಲ್ಲಿ ಒಂದು ಕೊರತೆ ಇತ್ತು. ಭಾರತದ ಜೊತೆ ಮುಂದೆ ಆಗಲಿರುವ ಅಂತಿಮ ಒಪ್ಪಂದವನ್ನು ಕಾಂಗ್ರೆಸ್ ತಾನಾಗಿ ತಿರಸ್ಕರಿಸದಿದ್ದರೆ ಅದು ಜಾರಿಗೆ ಬಂದಂತೆಯೇ ಎಂಬುದು ಅದರ ತಿರುಳು. ಒಪ್ಪಂದದ ಪಠ್ಯವೇ ಇನ್ನೂ ಸಿದ್ಧವಿರಲಿಲ್ಲ. ಕಾಣದ ಪತ್ರಕ್ಕೆ ಈಗಲೇ ಸಹಿ ಹಾಕಿ ಎಂದರೆ ಯಾವ ಸೆನೆಟರ್ ಹಾಕುತ್ತಾರೆ? ಏಪ್ರಿಲ್ 5ರಂದು ವಿದೇಶಾಂಗ ಸಚಿವೆ ಕಾಂಡೊಲೀಝಾ ರೈಸ್ ಸಮಿತಿಯ ಮುಂದೆ ಬಂದಾಗ ಪ್ರಶ್ನೆಗಳು ಒಂದರ ಮೇಲೊಂದು ಬಿದ್ದವು. ಮನೆಯಲ್ಲಿ ಕುಳಿತು ಅದನ್ನು ನೋಡುವಾಗ ನನಗೆ ಸಿಟ್ಟು ಬಂದಿತ್ತು. ಇವರೆಲ್ಲ ಭಾರತವನ್ನು ಅನುಮಾನಿಸುತ್ತಿದ್ದಾರೆ ಎಂದುಕೊಂಡಿದ್ದೆ. ಅದು ನನ್ನ ತಪ್ಪು ತಿಳಿವಳಿಕೆ. ಅವರು ಕೇಳುತ್ತಿದ್ದುದು ತಮ್ಮ ಸದನದ ಹಕ್ಕನ್ನು.

ಲೂಗರ್ ಅವರ ಮಾತಿಗೆ ಅಷ್ಟು ತೂಕ ಏಕೆ ಎಂಬುದನ್ನೂ ಹೇಳಬೇಕು. ಸೆನೆಟಿನಲ್ಲಿ ನೂರು ಜನ. ನೂರಕ್ಕೆ ನೂರೂ ಪರಮಾಣು ವಿಷಯ ಓದಿದವರಲ್ಲ. ಪ್ರತಿ ವಿಷಯಕ್ಕೂ ಮೂರೋ ನಾಲ್ಕೋ ಜನ ಇರುತ್ತಾರೆ. ಉಳಿದವರು ಅವರ ಮುಖ ನೋಡುತ್ತಾರೆ. ಸೋವಿಯತ್ ಒಕ್ಕೂಟ ಒಡೆದಾಗ ಅಲ್ಲಿನ ಅಣ್ವಸ್ತ್ರಗಳನ್ನು ಕಳಚಿ ಹಾಕಲು ಅಮೆರಿಕದ ಹಣ ಸಿಗುವಂತೆ 1991ರಲ್ಲಿ ಸ್ಯಾಮ್ ನನ್ ಎಂಬ ಸೆನೆಟರ್ ಜೊತೆ ಸೇರಿ ಕಾನೂನು ಮಾಡಿಸಿದವರು ಲೂಗರ್. ಅಣ್ವಸ್ತ್ರ ಹರಡಬಾರದೆಂದು ದುಡಿದ ಅಂಥವರು ಇದರಿಂದ ಅಪಾಯವಿಲ್ಲ ಎಂದರೆ, ಅಳುಕುವ ಮತ್ತೊಬ್ಬ ಸೆನೆಟರ್‌ಗೆ ಅದೇ ಆಸರೆ. ಡೆಮಾಕ್ರಟರ ಕಡೆಯಲ್ಲಿ ಆ ಸ್ಥಾನ ಜೋ ಬೈಡನ್ ಅವರದು. ಅಧ್ಯಕ್ಷರಿಗೆ ಬೇಕಾಗಿದ್ದುದು ಮೊದಲು ಈ ಇಬ್ಬರ ಹೌದು.

ಈ ಇಬ್ಬರ ಹೌದಿಗೆ ಸರ್ಕಾರ ತೆತ್ತ ಬೆಲೆ ತನ್ನ ಕರಡನ್ನೇ ಬಿಟ್ಟುಕೊಟ್ಟದ್ದು. ಸೆನೆಟಿನಲ್ಲಿ ಲೂಗರ್ ಮತ್ತು ಬೈಡನ್, ಕೆಳಮನೆಯಲ್ಲಿ ಹೆನ್ರಿ ಹೈಡ್ ಮತ್ತು ಟಾಮ್ ಲ್ಯಾಂಟೋಸ್, ಹೀಗೆ ಎರಡೂ ಪಕ್ಷದ ಹಿರಿಯರು ಕುಳಿತು ಮಸೂದೆಯನ್ನು ಹೊಸದಾಗಿ ಬರೆದರು. ಈಗ ಎರಡು ಮೆಟ್ಟಿಲು: ಮೊದಲು ಭಾರತಕ್ಕೆ ವಿನಾಯಿತಿ ಕೊಡುವ ಕಾಯ್ದೆ, ಆಮೇಲೆ ಅಂತಿಮ ಒಪ್ಪಂದ ಸಿದ್ಧವಾದಾಗ ಕಾಂಗ್ರೆಸ್ಸಿನ ಇನ್ನೊಂದು ಮತದಾನ. ಎರಡನೆಯ ಮತದಾನದ ಮಾತು ಕೇಳಿ ನಮ್ಮ ಗುಂಪಿನ ಅನೇಕರಿಗೆ ಎದೆ ಧಸಕ್ಕೆಂದಿತು. ಒಂದು ಹೊಳೆ ದಾಟುವುದೇ ಕಷ್ಟ, ಎರಡನ್ನು ದಾಟುವುದು ಹೇಗೆ ಎಂದರು. ನಾನೂ ಹಾಗೆಯೇ ಯೋಚಿಸಿದವನು.

ಆ ಮೇ ತಿಂಗಳ ಮುಖಭಂಗದ ನಂತರ ನಾವು ಕೆಲಸದ ರೀತಿ ಬದಲಿಸಿದೆವು. ಹೊಳಪು ಕಾಗದದ ಪುಸ್ತಿಕೆಗಳನ್ನು ಕಟ್ಟಿಟ್ಟೆವು. ಪ್ರತಿ ಕಚೇರಿಗೆ ಒಂದೇ ಪುಟದ ಟಿಪ್ಪಣಿ ತಯಾರಿಸಿದೆವು. ಆಕ್ಷೇಪಗಳು ಮೇಲೆ, ನಮ್ಮ ಉತ್ತರ ಕೆಳಗೆ. ಉತ್ತರ ಅರ್ಧವೇ ಇದ್ದ ಕಡೆ ಅರ್ಧವೇ ಇದೆ ಎಂದು ಬರೆದೆವು. ಪತ್ರಗಳನ್ನು ನಮ್ಮ ಸಂಘದ ಹೆಸರಿನಲ್ಲಿ ಕಳಿಸುವುದನ್ನು ನಿಲ್ಲಿಸಿ, ಆಯಾ ರಾಜ್ಯದ ಸಣ್ಣ ಊರುಗಳಲ್ಲಿರುವ ಭಾರತೀಯ ವೈದ್ಯರಿಂದ ಕೈಯಲ್ಲಿ ಬರೆಸಿದೆವು. ಇಪ್ಪತ್ತೈದು ವರ್ಷ ಒಂದೇ ಊರಿನಲ್ಲಿ ಹೆರಿಗೆ ಮಾಡಿಸಿದ ವೈದ್ಯೆಯ ಪತ್ರವನ್ನು ಸೆನೆಟರ್ ಕಚೇರಿ ಬದಿಗಿಡುವುದಿಲ್ಲ. ಸೆನೆಟರ್ ಭೇಟಿಗಾಗಿ ಗಂಟೆಗಟ್ಟಲೆ ಕಾಯುವುದನ್ನೂ ಬಿಟ್ಟೆವು. ಮಸೂದೆಯ ಸಾಲುಗಳನ್ನು ಓದಿ ಸೆನೆಟರ್‌ಗೆ ಸಲಹೆ ಬರೆಯುವವರು ಆ ಕಾರಿಡಾರಿನ ಹುಡುಗಿಯಂಥ ಸಹಾಯಕರು. ಅವರ ಮುಂದೆ ಸುಳ್ಳು ಆಡಿದರೆ, ಅಥವಾ ಉಬ್ಬಿಸಿ ಹೇಳಿದರೆ, ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಆಕೆಯ ಬಳಿಗೆ ಜೂನ್‌ನಲ್ಲಿ ಮತ್ತೆ ಹೋದೆ. ಈ ಸಲ ಒಂದು ನಕ್ಷೆ ಒಯ್ದಿದ್ದೆ. ಕಾಳಿ ನದಿ, ಕೈಗಾ, ಕಾರವಾರ ಮೂರನ್ನೂ ಬೆರಳಿಟ್ಟು ತೋರಿಸಿದೆ. ಇದು ನನ್ನ ಊರು, ಈ ಸ್ಥಾವರ ನಿಗಾದ ಹೊರಗೆ ಉಳಿಯುತ್ತದೆ, ನಿಮ್ಮ ಪ್ರಶ್ನೆ ನ್ಯಾಯವಾದದ್ದು ಎಂದೆ. ಇದೇ ಊರಿನವನಾಗಿ ನನಗೂ ಅದರ ಉತ್ತರ ಬೇಕು, ಆದರೆ ಅದನ್ನು ಪ್ರತಿ ವರ್ಷ ಸರ್ಕಾರದ ಬಾಯಿಂದ ಹೇಳಿಸುವ ಶಕ್ತಿ ಇರುವುದು ನಿಮ್ಮ ಸದನಕ್ಕೆ ಎಂದೆ. ಆಕೆ ಅಂದು ಮೊದಲ ಬಾರಿಗೆ ಪೆನ್ನು ತೆಗೆದಳು.

ಹೊರಡುವಾಗ ಆಕೆಯೇ ಕಟ್ಟಡದ ಹೆಸರಿನ ಕಥೆ ಹೇಳಿದಳು. 1964ರಲ್ಲಿ ನಾಗರಿಕ ಹಕ್ಕುಗಳ ಮಸೂದೆಗೆ ದಕ್ಷಿಣದ ಡೆಮಾಕ್ರಟರು ಅಡ್ಡ ಮಲಗಿದ್ದರು. ಚರ್ಚೆ ಮುಗಿಸಿ ಮತಕ್ಕೆ ಹಾಕಲು ಆಗ ಮೂರನೇ ಎರಡರಷ್ಟು ಬೆಂಬಲ ಬೇಕಿತ್ತು. ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವತಃ ಸೆನೆಟಿನಲ್ಲಿ ಬಹುಮತದ ನಾಯಕರಾಗಿದ್ದವರು. ವಿರೋಧ ಪಕ್ಷದ ನಾಯಕ ಎವರೆಟ್ ಡರ್ಕ್‌ಸನ್ ಇಲ್ಲದೆ ಆಗದು ಎಂಬುದು ಅವರಿಗೆ ಗೊತ್ತಿತ್ತು. ಮಸೂದೆಯ ಭಾಷೆ ತಿದ್ದಲು ಡರ್ಕ್‌ಸನ್‌ಗೆ ಅವಕಾಶ ಕೊಟ್ಟರು, ಕೀರ್ತಿಯ ದೊಡ್ಡ ಪಾಲನ್ನೂ ಬಿಟ್ಟುಕೊಟ್ಟರು. ಜೂನ್ 10ರಂದು 71–29 ಮತಗಳಿಂದ ತಡೆ ಮುರಿಯಿತು. ಆ 71ರಲ್ಲಿ 27 ರಿಪಬ್ಲಿಕನ್ನರು. ನಲವತ್ತೆರಡು ವರ್ಷಗಳ ಹಿಂದಿನ ಆ ಲೆಕ್ಕವನ್ನು ಆಕೆ ತನ್ನ ಮನೆಯ ಸುದ್ದಿಯಂತೆ ಹೇಳಿದಳು.

ಜೂನ್ 29ರಂದು ವಿದೇಶಾಂಗ ಸಮಿತಿ ಹೊಸ ಮಸೂದೆಯನ್ನು 16–2ರಿಂದ ಒಪ್ಪಿತು. ಜುಲೈ 26ರಂದು ಕೆಳಮನೆ 359–68ರಿಂದ ತನ್ನದನ್ನು ಅಂಗೀಕರಿಸಿತು. ಆಮೇಲೆ ಸೆನೆಟಿನಲ್ಲಿ ಎಲ್ಲವೂ ನಿಂತುಹೋಯಿತು. ಆ ಸದನದಲ್ಲಿ ಒಬ್ಬಿಬ್ಬರು ಸದಸ್ಯರು ತಕರಾರು ತೆಗೆದರೂ ಮಸೂದೆ ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರಬಹುದು. ತಕರಾರು ಬಂದದ್ದು ಅಧ್ಯಕ್ಷರದೇ ಪಕ್ಷದ ಕೆಲವರಿಂದ. ಮಸೂದೆಗೆ ಜೋಡಿಸಿದ್ದ, ಭಾರತಕ್ಕೆ ನೇರ ಸಂಬಂಧವಿಲ್ಲದ ಪರಿಶೀಲನಾ ನಿಯಮಗಳ ಭಾಗದ ಮೇಲೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಹಾಗೆಯೇ ಕಳೆದವು. ನವೆಂಬರ್ 7ರ ಚುನಾವಣೆಯಲ್ಲಿ ಅಧ್ಯಕ್ಷರ ಪಕ್ಷ ಎರಡೂ ಸದನ ಕಳೆದುಕೊಂಡಿತು. ಸೋತ ಅಧ್ಯಕ್ಷರ ಮಸೂದೆಯನ್ನು ಗೆದ್ದವರು ಏಕೆ ಎತ್ತಿ ಹಿಡಿಯುತ್ತಾರೆ? ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅವರು ಎತ್ತಿ ಹಿಡಿದರು, ಏಕೆಂದರೆ ಅಷ್ಟರಲ್ಲಿ ಅದು ಅಧ್ಯಕ್ಷರ ಮಸೂದೆಯಾಗಿ ಉಳಿದಿರಲಿಲ್ಲ. ಪುಟಪುಟದಲ್ಲೂ ಬೈಡನ್ ಮತ್ತು ಅವರ ಸಂಗಡಿಗರ ಕೈಬರಹವಿತ್ತು. ಬಹುಮತದ ನಾಯಕ ಬಿಲ್ ಫ್ರಿಸ್ಟ್ ಮತ್ತು ಎದುರಿನ ಹ್ಯಾರಿ ರೀಡ್ ಒಪ್ಪಿ, ಯಾವ ಯಾವ ತಿದ್ದುಪಡಿಗಳು ಚರ್ಚೆಗೆ ಬರಬೇಕೆಂದು ಮೊದಲೇ ಗೆರೆ ಎಳೆದರು. ನವೆಂಬರ್ 16ರಂದು ಇಡೀ ದಿನ ಟಿವಿಯ ಮುಂದೆ ಕುಳಿತೆ. ಬಿಂಗಮನ್, ಡಾರ್ಗನ್, ಬಾಕ್ಸರ್, ಫೈನ್‌ಗೋಲ್ಡ್ ತಂದ ಕಠಿಣ ತಿದ್ದುಪಡಿಗಳು ಒಂದೊಂದಾಗಿ ಬಿದ್ದವು. ಇಲಿನಾಯ್‌ನ ಹೊಸ ಸೆನೆಟರ್ ಬರಾಕ್ ಒಬಾಮಾ ತಂದ ಒಂದು ತಿದ್ದುಪಡಿಯನ್ನು ಸೇರಿಸಿಕೊಂಡರು: ಭಾರತಕ್ಕೆ ಇಂಧನ ಕೂಡಿಡುವುದಿದ್ದರೆ ಅದು ಸ್ಥಾವರಗಳ ಅಗತ್ಯಕ್ಕೆ ತಕ್ಕಷ್ಟಿರಬೇಕು ಎಂಬುದು. ರಾತ್ರಿ ಫಲಿತಾಂಶ ಬಂತು: 85–12.

ಡಿಸೆಂಬರ್ 18ರಂದು ಅಧ್ಯಕ್ಷರು ಅಂಕಿತ ಹಾಕಿದರು. ಕಾಯ್ದೆಗೆ ಇಟ್ಟ ಹೆಸರು ನಿವೃತ್ತರಾಗುತ್ತಿದ್ದ ಹೆನ್ರಿ ಹೈಡ್ ಅವರದು. ಅದೇ ದಿನ ಬುಷ್ ಇನ್ನೊಂದು ಹೇಳಿಕೆಯನ್ನೂ ಕೊಟ್ಟು, ಕಾಯ್ದೆಯಲ್ಲಿ ಕಾಂಗ್ರೆಸ್ ಬರೆದ ವಿದೇಶಾಂಗ ನೀತಿಯ ಮಾತುಗಳನ್ನು ಕೇವಲ ಸಲಹೆ ಎಂದು ಪರಿಗಣಿಸುತ್ತೇನೆ ಎಂದರು. ಅದು ನನಗೆ ಹಿಡಿಸಲಿಲ್ಲ. ಮಾತು ಕೊಟ್ಟು ಬರೆಸಿಕೊಂಡವರ ಮುಂದೆಯೇ ಆ ಬರಹವನ್ನು ಹಗುರ ಮಾಡಿದಂತೆ ಅನ್ನಿಸಿತು, ಈಗಲೂ ಹಾಗೆಯೇ ಅನ್ನಿಸುತ್ತದೆ.

ಎರಡು ದಿನಗಳ ನಂತರ ಆ ಹುಡುಗಿಯಿಂದ ಒಂದು ಇಮೇಲ್ ಬಂತು. ಕಾಯ್ದೆಯ 104ನೆಯ ವಿಭಾಗದ ಕೆಲವು ಸಾಲುಗಳನ್ನು ಅಂಟಿಸಿದ್ದಳು. ಭಾರತದಲ್ಲಿ ಹಿಂದಿನ ವರ್ಷ ತೆಗೆದ ಯುರೇನಿಯಂ ಎಷ್ಟು, ಅಮೆರಿಕದ ಸಹಕಾರದಿಂದ ಅಣ್ವಸ್ತ್ರ ಕಾರ್ಯಕ್ರಮಕ್ಕೆ ಯಾವುದಾದರೂ ರೀತಿಯಲ್ಲಿ ನೆರವಾಗುತ್ತಿದೆಯೇ, ಇವನ್ನು ಅಧ್ಯಕ್ಷರು ಪ್ರತಿ ವರ್ಷ ಕಾಂಗ್ರೆಸ್ಸಿಗೆ ವರದಿ ಮಾಡಬೇಕು. ಅದೇ ಪ್ರಶ್ನೆಯನ್ನು ಇನ್ನೂ ಎಷ್ಟೋ ಜನ ಕೇಳಿರಬಹುದು. ಆದರೂ ಕಾರಿಡಾರಿನಲ್ಲಿ ನನ್ನನ್ನು ಮೂಕನಾಗಿಸಿದ ಮಾತು ದೇಶದ ಕಾನೂನಿನಲ್ಲಿ ಅಚ್ಚಾಗಿತ್ತು. ಅದನ್ನು ಮುದ್ರಿಸಿ ಇಟ್ಟುಕೊಂಡೆ.

ಎರಡನೆಯ ಹೊಳೆ ದಾಟಲು ಇನ್ನೂ ಎರಡು ವರ್ಷ ಬೇಕಾಯಿತು. ದೆಹಲಿಯಲ್ಲಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡದ್ದು, ಜುಲೈ 22ರ ವಿಶ್ವಾಸಮತ, ಸೆಪ್ಟೆಂಬರ್ 6ರಂದು ವಿಯೆನ್ನಾದಲ್ಲಿ ಸಿಕ್ಕ ಪರಮಾಣು ಪೂರೈಕೆದಾರರ ಗುಂಪಿನ ವಿನಾಯಿತಿ ಎಲ್ಲವೂ ಕನ್ನಡ ಓದುಗರಿಗೆ ನೆನಪಿರುತ್ತವೆ. ವಾಷಿಂಗ್ಟನ್ನಿನಲ್ಲಿ ಉಳಿದಿದ್ದುದು ಬೆರಳೆಣಿಕೆಯ ವಾರಗಳು, ಮೇಲಿಂದ ಬ್ಯಾಂಕುಗಳು ಕುಸಿಯುತ್ತಿದ್ದವು. 2008ರ ಅಕ್ಟೋಬರ್ 1ರ ಸಂಜೆ, ಬ್ಯಾಂಕುಗಳ ರಕ್ಷಣೆಯ ದೊಡ್ಡ ಮಸೂದೆಗೆ ಮತ ಹಾಕಲು ಸೇರಿದ್ದ ಸೆನೆಟ್, ಭಾರತದ ಒಪ್ಪಂದವನ್ನೂ ಕೈಗೆತ್ತಿಕೊಂಡಿತು. ಬುಷ್ ಅಧಿಕಾರದ ಕೊನೆಯ ತಿಂಗಳುಗಳು. ಸೆನೆಟ್ ಎದುರು ಪಕ್ಷದ ಕೈಯಲ್ಲಿ. ಮತಗಳು 86–13. ಮೊದಲ ಸಲಕ್ಕಿಂತ ಒಂದು ಹೆಚ್ಚು. ಎರಡನೆಯ ಮತದಾನವೆಂದರೆ ಎದೆ ಧಸಕ್ಕೆಂದಿದ್ದ ನಾನು, ಆ ಎರಡನೆಯ ಮತದಾನದ ಭರವಸೆ ಇರದಿದ್ದರೆ ಮೊದಲನೆಯದೇ ಗೆಲ್ಲುತ್ತಿರಲಿಲ್ಲ ಎಂಬುದನ್ನು ಅಂದು ಒಪ್ಪಿಕೊಂಡೆ.

ಕಾರವಾರದಲ್ಲಿ ಆಗ ಗಾಂಧಿ ಜಯಂತಿಯ ಬೆಳಗಿನ ಜಾವ. ಅಪ್ಪ ಎದ್ದಿರುತ್ತಾರೆಂದು ಗೊತ್ತಿತ್ತು, ಫೋನ್ ಮಾಡಿದೆ. ಕಾಳಿ ನದಿಯ ಒಂದು ಅಣೆಕಟ್ಟಿನ ಹಿನ್ನೀರಿಗೆ ನನ್ನ ಅಜ್ಜನ ಗದ್ದೆ, ಮನೆ ಎರಡೂ ಹೋಗಿವೆ. ಅಂದಿನಿಂದ ಅಪ್ಪನಿಗೆ ಯೋಜನೆ ಎಂಬ ಪದ ಕೇಳಿದರೆ ಮುಖ ಬಿಗಿಯುತ್ತದೆ. ನನ್ನ ಓಡಾಟವನ್ನು ಅವರು ಹೊಗಳಿದ್ದೂ ಇಲ್ಲ, ಬೇಡವೆಂದದ್ದೂ ಇಲ್ಲ.

"ಆಯಿತಂತೆ, ಅಪ್ಪಾ" ಎಂದೆ.

"ಕೈಗಾದ ಬಗ್ಗೆ ಕೇಳಿದ್ದಳಲ್ಲ, ಆ ಹುಡುಗಿ. ಅದು ಏನಾಯಿತೋ?"

ಮೇಜಿನ ಗಾಜಿನ ಕೆಳಗೆ ಇಟ್ಟಿದ್ದ ಹಾಳೆಯನ್ನು ತೆಗೆದು, ಸಾಲು ಸಾಲಾಗಿ ಕನ್ನಡಕ್ಕೆ ಮಾಡಿ ಹೇಳಿದೆ. ಅವರು ನಡುವೆ ಒಂದು ಮಾತನ್ನೂ ಆಡಲಿಲ್ಲ. ಮುಗಿದ ಮೇಲೆ ಕೇಳಿದರು: "ಪ್ರತಿ ವರ್ಷ ಎಂದು ಬರೆದಿದೆಯೇ?"

"ಹೌದು, ಪ್ರತಿ ವರ್ಷ."

"ಹಾಗಾದರೆ ಆ ವರದಿ ಬಂದಾಗ ನನಗೂ ಒಂದು ಪ್ರತಿ ಕಳಿಸು. ಇಂಗ್ಲಿಷಿನಲ್ಲಿದ್ದರೂ ಆದೀತು, ಓದಿ ಹೇಳುವವರನ್ನು ಹುಡುಕಿಕೊಳ್ಳುತ್ತೇನೆ."