ಹಾಲು ಕೊಡದ ಜಾನುವಾರುಗಳ ಆರೈಕೆ: ಬೆಂಗಳೂರು ಸುತ್ತಲಿನ ರೈತರಿಗೆ

ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಪಶುಪಾಲನೆಯ ಸಲಹೆ, ತರಬೇತಿಗಳು ಬಹುಮಟ್ಟಿಗೆ ಹಾಲು ಕರೆಯುವ ಹಸುವನ್ನೇ ಕುರಿತಿರುತ್ತವೆ. ಎತ್ತು, ಹೋರಿಗರು, ಕೋಣ, ಹಾಲು ಬತ್ತಿದ ಎಮ್ಮೆಗಳಿಗೆ ಕೊಟ್ಟಿಗೆಯಲ್ಲಿ ಉಳಿದದ್ದೇ ಮೇವು. ರಾಜ್ಯದ 2020ರ ಕಾಯ್ದೆಯು ಗೋವಂಶದ ಎಲ್ಲ ದನಗಳ ಹಾಗೂ 13 ವರ್ಷದೊಳಗಿನ ಎಮ್ಮೆ, ಕೋಣಗಳ ಹತ್ಯೆಯನ್ನು ನಿಷೇಧಿಸಿರುವುದರಿಂದ ಈ ಪ್ರಾಣಿಗಳು ವರ್ಷಗಟ್ಟಲೆ ನಮ್ಮ ಆಸರೆಯಲ್ಲೇ ಇರುತ್ತವೆ. ಆದ್ದರಿಂದ ಅವುಗಳ ಪೋಷಣೆಗೂ ಒಂದು ಲೆಕ್ಕ ಬೇಕು. ಮಾಂಸಕ್ಕಾಗಿ ದನ ಸಾಕುವ ದೇಶಗಳಲ್ಲಿ ಎಲ್ಲವನ್ನೂ ತೂಕದ ಮೇಲೆ ನಿರ್ಧರಿಸುತ್ತಾರೆ. ಹಾಲಿನ ಅಳತೆ ಇಲ್ಲದ ನಮ್ಮ ಜಾನುವಾರುಗಳಿಗೂ ಅದೇ ಸರಿಯಾದ ದಾರಿ.

ತೂಕ ತಿಳಿಯಲು ತಕ್ಕಡಿ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯ ತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಅಂಗುಲಗಳಲ್ಲಿ ಅಳೆದು, ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋಗಳಲ್ಲಿ ದೊರೆಯುತ್ತದೆ. ಒಂದು ಹೋರಿಯ ಸುತ್ತಳತೆ 60, ಉದ್ದ 50 ಅಂಗುಲವಿದ್ದರೆ ತೂಕ ಸುಮಾರು 273 ಕಿಲೋ. ತೂಕದ ಶೇಕಡಾ 2.5ರಷ್ಟು ಒಣ ಪದಾರ್ಥ (ಮೇವಿನಲ್ಲಿ ನೀರು ಕಳೆದು ಉಳಿಯುವ ಭಾಗ) ದಿನಕ್ಕೆ ಬೇಕೆಂದು ಹಿಡಿದರೆ ಈ ಹೋರಿಗೆ ಸುಮಾರು 7 ಕಿಲೋ ಆಯಿತು. ಹಸಿ ಮೇವಿನಲ್ಲಿ ಬಹುಪಾಲು ನೀರೇ ಇರುವುದರಿಂದ 15 ಕಿಲೋ ಹಸಿ ಮೇವು ಹಾಕಿದರೂ ಅದರಿಂದ ಸುಮಾರು 3 ಕಿಲೋ ಒಣ ಪದಾರ್ಥ ಮಾತ್ರ ಸಿಗುತ್ತದೆ. ಒಣ ಹುಲ್ಲಿನಲ್ಲೂ ಸ್ವಲ್ಪ ನೀರಿರುವುದರಿಂದ, ಉಳಿದ 4 ಕಿಲೋಗೆ ನಾಲ್ಕೂವರೆ ಕಿಲೋ ರಾಗಿ ಹುಲ್ಲು ಬೇಕು. ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ, ಕಣ್ಣಿಗೆ ಕಾಣುವ ಮೊದಲೇ ಪ್ರಾಣಿ ಸೊರಗುತ್ತಿರುವುದು ಪುಸ್ತಕದಲ್ಲಿ ಕಾಣುತ್ತದೆ.

ನಗರದ ಅಂಚಿನಲ್ಲಿರುವವರು ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ಕಲ್ಯಾಣ ಮಂಟಪ, ಹೋಟೆಲುಗಳಲ್ಲಿ ಉಳಿದ ಅನ್ನದ ವಿಷಯದಲ್ಲಿ. ಪುಕ್ಕಟೆಯಾಗಿ ಸಿಕ್ಕಿತೆಂದು ಬುಟ್ಟಿಗಟ್ಟಲೆ ಅನ್ನ ಸುರಿದರೆ ಅದು ಹೊಟ್ಟೆಯಲ್ಲಿ ವೇಗವಾಗಿ ಹುಳಿತು, ಆಮ್ಲ ಹೆಚ್ಚಿ, ಮೆಲುಕು ನಿಂತು, ಒಂದೆರಡು ದಿನಗಳಲ್ಲೇ ಪ್ರಾಣಿ ನೆಲ ಹಿಡಿಯಬಹುದು. ಹಾಗೆ ತಿಂದಿದೆ ಎಂದು ಗೊತ್ತಾದ ಕೂಡಲೇ, ಲಕ್ಷಣಗಳಿಗಾಗಿ ಕಾಯದೆ ವೈದ್ಯರನ್ನು ಕರೆಯಬೇಕು.

ಗಂಡು ಕರುವಿಗೆ ಗಿಣ್ಣು ಹಾಲು ತಪ್ಪಿಸುವುದು ನನಗೆ ಅತ್ಯಂತ ನೋವಿನ ಸಂಗತಿ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಸಲ ಕುಡಿಸಿ, ಮೊದಲ ದಿನ ಒಟ್ಟು ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಕೊಡಬೇಕು. ರೋಗ ತಡೆಯುವ ಶಕ್ತಿ ಅದಕ್ಕೆ ಬರುವುದೇ ಅಲ್ಲಿಂದ. ಎಮ್ಮೆಗರುಗಳಿಗೆ ತಾಯಿಯ ಹಾಲಿನಿಂದಲೇ ದುಂಡುಹುಳು ಬರುವುದರಿಂದ, ಎರಡನೇ ವಾರದಲ್ಲಿ ವೈದ್ಯರ ಸಲಹೆಯಂತೆ ಜಂತುನಾಶಕ ಕುಡಿಸಬೇಕು.

ನೆರವು ದೂರವಿಲ್ಲ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಗುರುತಿನ ಕಿವಿಯೋಲೆ ಹಾಕಿಸಿ, ವರ್ಷಕ್ಕೆ ಎರಡು ಬಾರಿ ಕಾಲುಬಾಯಿ ಜ್ವರದ ಲಸಿಕೆಯನ್ನು, ಮಳೆಗಾಲಕ್ಕೆ ಮುನ್ನ ಗಳಲೆ ಮತ್ತು ಚಪ್ಪೆ ರೋಗಗಳ ಲಸಿಕೆಯನ್ನು ಎತ್ತು, ಕೋಣಗಳಿಗೂ ಕೇಳಿ ಹಾಕಿಸಬೇಕು. ತುರ್ತು ಸಂದರ್ಭದಲ್ಲಿ 1962ಕ್ಕೆ ಕರೆ ಮಾಡಿದರೆ ಸಂಚಾರಿ ಚಿಕಿತ್ಸಾ ಘಟಕದ ನೆರವು ಕೇಳಬಹುದು. ಶಸ್ತ್ರಚಿಕಿತ್ಸೆಯಂಥ ಕಠಿಣ ಪ್ರಕರಣಗಳಿಗೆ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮೇವು, ಖನಿಜ ಮಿಶ್ರಣಗಳ ಬಗ್ಗೆ ಸಂಶೋಧನೆ ನಡೆಸುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಆಡುಗೋಡಿಯಲ್ಲಿದೆ. ಅಲ್ಲಿಗೆ ಹೋಗುವಾಗ ತೂಕದ ಪುಸ್ತಕವನ್ನೂ, ಈಗ ಹಾಕುತ್ತಿರುವ ಮೇವಿನ ವಿವರವನ್ನೂ ಜೊತೆಗೆ ಒಯ್ದರೆ ನಿಮ್ಮ ಕೊಟ್ಟಿಗೆಗೇ ಹೊಂದುವ ಸಲಹೆ ಕೇಳುವುದು ಸುಲಭ.

ಪ್ರಾಣಿ ಹಠಾತ್ತನೆ ಸತ್ತು ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಅದು ಮನುಷ್ಯರಿಗೂ ತಗಲುವುದರಿಂದ ಕಳೇಬರವನ್ನು ಕೊಯ್ಯದೆ, ಚರ್ಮ ಸುಲಿಯದೆ, ಯಾರನ್ನೂ ಹತ್ತಿರ ಬಿಡದೆ ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆಯೇ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.