ಸಂಗೀತ ವಿಭಾಗಕ್ಕೆ ದತ್ತಿ ಬರೆದಿಡುವುದು ಹೇಗೆ?

ನಲವತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಚಿನ್ನದ ಪದಕಕ್ಕೆಂದು ವಿಶ್ವವಿದ್ಯಾಲಯದಲ್ಲಿ ಐದು ಸಾವಿರ ರೂಪಾಯಿ ಇಟ್ಟರು ಎಂದುಕೊಳ್ಳಿ. ಶೇ 7ರ ಲೆಕ್ಕದಲ್ಲಿ ಇಂದು ಅದರ ವಾರ್ಷಿಕ ಬಡ್ಡಿ 350 ರೂಪಾಯಿ. ಚಿನ್ನದ ಮಾತು ಬಿಡಿ, ಪದಕದ ಡಬ್ಬಿ ಬಂದರೆ ಹೆಚ್ಚು. ಮನಸ್ಸು ದೊಡ್ಡದಿತ್ತು, ಬರೆದಿಟ್ಟ ಕ್ರಮ ಸರಿ ಇರಲಿಲ್ಲ.

ತಾವು ಹಾಡದಿದ್ದರೂ ರಾಮನವಮಿಯ ಚಪ್ಪರದ ಮುಂದಿನ ಸಾಲಿನಲ್ಲೇ ಆಯುಷ್ಯ ಕಳೆದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಮೆರಿಕದ ಬಟ್ಟೆ ವ್ಯಾಪಾರಿ ಅಗಸ್ಟಸ್ ಜೂಲಿಯಾರ್ಡ್ 1919ರಲ್ಲಿ ತೀರಿಕೊಂಡಾಗ ಆಸ್ತಿಯ ಬಹುಪಾಲನ್ನು ಸಂಗೀತಕ್ಕೆಂದು ಉಯಿಲಿನಲ್ಲಿ ಬರೆದಿದ್ದರು. ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯ ಬುನಾದಿಯಲ್ಲಿ ಆ ಹಣವಿದೆ. ನಮ್ಮದು ಒಂದು ಠೇವಣಿ, ಒಂದು ಸೈಟು, ಮೂಲೆಯಲ್ಲೊಂದು ತಂಬೂರಿ. ಅಷ್ಟಕ್ಕೂ ದಾರಿಯಿದೆ. ಜೀವನವಿಡೀ ಕಛೇರಿ ಕೇಳಿದವರು ಈಗ ನಾಲ್ಕು ಸಲ ಕಚೇರಿಗೂ ಹೋಗಬೇಕು, ಅಷ್ಟೇ.

ಮೊದಲು ತರಗತಿಗೆ ಹೋಗಿ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿರಲಿ, ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವಿರಲಿ, ಹಣದ ಮಾತಿಗೆ ಮೊದಲು ಒಂದು ಬೆಳಗ್ಗೆ ಪಾಠ ನಡೆಯುವಲ್ಲಿ ಕುಳಿತುಕೊಳ್ಳಿ. ಏನು ಬೇಕು ಎಂದು ಮೇಷ್ಟ್ರನ್ನು ಕೇಳಿ. ಪದಕ ಬೇಕು ಎಂದು ಹೇಳುವವರು ಕಡಿಮೆ. ಅಭ್ಯಾಸಕ್ಕೆ ತಬಲಾ ನುಡಿಸುವವರ ಸಂಭಾವನೆ, ಹಾರ್ಮೋನಿಯಂ ರಿಪೇರಿ, ಹಳ್ಳಿಯಿಂದ ಬಂದ ಹುಡುಗಿಯ ಹಾಸ್ಟೆಲ್ ಶುಲ್ಕ: ಕೊರತೆ ಇರುವುದು ಇಂಥಲ್ಲಿ. ಆಮೇಲೆ ಕುಲಸಚಿವರಿಗೆ ಪತ್ರ ಬರೆದು ದತ್ತಿನಿಧಿಯ ನಿಯಮ ಮತ್ತು ಕನಿಷ್ಠ ಮೊತ್ತವನ್ನು ಲಿಖಿತವಾಗಿ ಪಡೆಯಿರಿ.

ಈಗಲೋ, ನಂತರವೋ?

ಬದುಕಿರುವಾಗಲೇ ಕೊಟ್ಟರೆ ಫಲ ಕಣ್ಣಿಗೆ ಬೀಳುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, ಸಂಸ್ಥೆಗೆ ಮಾನ್ಯತೆಯಿದ್ದರೆ, ರಿಯಾಯಿತಿಯೂ ಉಂಟು. ಆದರೆ 2,000 ರೂಪಾಯಿ ಮೀರಿದ ನಗದಿಗಾಗಲಿ ವಸ್ತುದಾನಕ್ಕಾಗಲಿ ಅದು ಸಿಗದು. ಸೈಟು ಅಥವಾ ಮನೆಯನ್ನು ದಾನವಾಗಿ ಕೊಡುವುದಾದರೆ ನೋಂದಾಯಿತ ದಾನಪತ್ರ ಬೇಕು, ನಿಮ್ಮ ಜೀವಿತಕಾಲದಲ್ಲೇ ವಿಶ್ವವಿದ್ಯಾಲಯ ಅದನ್ನು ಸ್ವೀಕರಿಸಿರಬೇಕು. ಒಮ್ಮೆ ಕೊಟ್ಟ ಮೇಲೆ ಮನಸ್ಸು ಬದಲಾಯಿತು ಎಂದು ವಾಪಸು ಕೇಳುವಂತಿಲ್ಲ. ಮುಂದೆ ಆಸ್ಪತ್ರೆಯ ಖರ್ಚು ಬರಬಹುದು ಎಂಬ ಅಳುಕಿದ್ದರೆ ಉಯಿಲೇ ಕ್ಷೇಮ. ಅದನ್ನು ಕೊನೆಯವರೆಗೂ ಬದಲಿಸಬಹುದು.

ಉಯಿಲು

ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ ಎಂಬುದು ನನ್ನ ಒತ್ತಾಯ. ಮುಂದೆ ತಕರಾರು ತೆಗೆಯುವವರ ಉತ್ಸಾಹ ಅರ್ಧ ಇಳಿಯುತ್ತದೆ. ಇಬ್ಬರು ಸಾಕ್ಷಿಗಳ ರುಜು ಬೇಕೇ ಬೇಕು. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ಉಯಿಲಿನಿಂದ ಏನೂ ಪಡೆಯದವರಿರಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲನ್ನು ಮಾತ್ರ ಬರೆಯಲು ಬರುತ್ತದೆ.

‘ಮೈಸೂರಿನ ಸಂಗೀತ ಕಾಲೇಜಿಗೆ’ ಎಂದು ಗೀಚಿದರೆ ಅದು ಯಾವುದು ಎಂದು ವಕೀಲರು ವರ್ಷಗಟ್ಟಲೆ ವಾದಿಸಿಯಾರು. ವಿಶ್ವವಿದ್ಯಾಲಯದ ಪೂರ್ತಿ ಹೆಸರು ಬರೆದು, ‘ಅದರ ಸಂಗೀತ ವಿಭಾಗದ ಬಳಕೆಗೆ’ ಎಂದು ಸೇರಿಸಿ. ಇಂಥ ಸಂಖ್ಯೆಯ ಠೇವಣಿ ಎಂದೂ ಬರೆಯಬೇಡಿ. ಆ ಠೇವಣಿಯನ್ನು ನಡುವೆ ಮುರಿಸಿದರೆ ದತ್ತಿಯೂ ಅದರೊಂದಿಗೆ ಹೋಗುತ್ತದೆ. ಉಳಿದ ಆಸ್ತಿಯಲ್ಲಿ ಶೇಕಡಾ ಇಷ್ಟು ಎನ್ನುವುದು ಮೇಲು. ಬ್ಯಾಂಕ್ ಖಾತೆಗೆ ವಿಶ್ವವಿದ್ಯಾಲಯವನ್ನೇ ನಾಮಿನಿ ಮಾಡುತ್ತೇನೆ ಎಂದರೆ ಆಗದು, ನಾಮಿನಿ ವ್ಯಕ್ತಿಯೇ ಆಗಿರಬೇಕು. ನಾಮಿನಿಯಾದ ಮಗನೂ ಹಣದ ಒಡೆಯನಲ್ಲ, ಉಯಿಲಿನಂತೆ ಅದನ್ನು ತಲುಪಿಸಬೇಕಾದವನು. ಅವನಿಗೆ ಇದನ್ನು ಇವತ್ತೇ ಹೇಳಿ.

ಮಗ ಅಮೆರಿಕದ ಪೌರನಾಗಿದ್ದು ತಾನೂ ಒಂದಿಷ್ಟು ಸೇರಿಸುತ್ತೇನೆ ಎಂದರೆ ಅದು ವಿದೇಶಿ ದೇಣಿಗೆಯಾಗುತ್ತದೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಮಗಳು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ಹಾಗಾಗುವುದಿಲ್ಲ. ಒಂದೇ ಮನೆಯ ಮಕ್ಕಳಿಗೆ ಎರಡು ಕಾನೂನು!

ಷರತ್ತು ಸಡಿಲವಿರಲಿ

ಹತ್ತು ಲಕ್ಷಕ್ಕೆ ಶೇ 7ರಂತೆ ವರ್ಷಕ್ಕೆ 70,000 ರೂಪಾಯಿ. ಬೆಲೆಗಳು ಶೇ 6ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಆ ಹಣದ ಶಕ್ತಿ ಅರ್ಧವಾಗುತ್ತದೆ. ಆದ್ದರಿಂದ ಬಡ್ಡಿಯ ಮೂರನೆಯ ಒಂದು ಭಾಗವನ್ನು ಅಸಲಿಗೆ ಸೇರಿಸಬೇಕು ಎಂದು ವಿಶ್ವವಿದ್ಯಾಲಯದೊಂದಿಗಿನ ಒಡಂಬಡಿಕೆಯಲ್ಲಿ ಬರೆಸಿ. ಸವಕಳಿ ನಿಲ್ಲದಿದ್ದರೂ ನಿಧಾನವಾಗುತ್ತದೆ. ‘ವೀಣೆಯಲ್ಲಿ ಪ್ರಥಮ ಬಂದವರಿಗೆ’ ಎಂದಷ್ಟೇ ಬರೆದರೆ ವೀಣೆಗೆ ಯಾರೂ ಸೇರದ ವರ್ಷ ಹಣ ಸುಮ್ಮನೆ ಬಿದ್ದಿರುತ್ತದೆ. ‘ಇಲ್ಲದಿದ್ದರೆ ಯಾವುದೇ ವಾದ್ಯದ ಬಡ ವಿದ್ಯಾರ್ಥಿಗೆ’ ಎಂಬ ಇನ್ನೊಂದು ಸಾಲು ಸಾಕು. ನಿಮ್ಮ ತಂದೆಯ ಹೆಸರು ಇರಲಿ, ಬೇಡವೆನ್ನುವುದಿಲ್ಲ.

ಹಳೆಯ ಸ್ಪೂಲ್, ಕ್ಯಾಸೆಟ್‌ಗಳನ್ನು ಕೊಡುವುದಾದರೆ ಯಾರ ಕಛೇರಿ, ಯಾವ ಊರು, ಯಾವ ವರ್ಷ ಎಂದು ಪಟ್ಟಿ ಮಾಡಿ. ಡಬ್ಬಿ ನಿಮ್ಮದಾದರೂ ಒಳಗಿನ ಗಾಯನದ ಹಕ್ಕು ನಿಮ್ಮದಲ್ಲದಿರಬಹುದು.

ತಂಬೂರಿಯನ್ನು ಮಾತ್ರ ಉಯಿಲಿಗೆ ಕಾಯಿಸಬೇಡಿ. ನುಡಿಸುವವರಿಲ್ಲದೆ ಗವಸಿನೊಳಗೆ ಕುಳಿತರೆ ತಂತಿ ತುಕ್ಕು ಹಿಡಿಯುತ್ತದೆ, ಸೋರೆಬುರುಡೆ ಬಿರುಕು ಬಿಡುತ್ತದೆ. ತಂತಿ, ಜವಾರಿಯ (ತಂತಿಯ ಕೆಳಗಿನ ಕುದುರೆಯನ್ನು ನಾದಕ್ಕೆ ಹದಗೊಳಿಸುವ ಕೆಲಸ) ಖರ್ಚಿಗೆ ಒಂದಿಷ್ಟು ಹಣವನ್ನೂ ಜೊತೆಗಿಟ್ಟು ಈ ವರ್ಷವೇ ಕೊಟ್ಟುಬನ್ನಿ. ಸ್ವೀಕೃತಿ ಪತ್ರ ಕೇಳಲು ಮರೆಯಬೇಡಿ.