ಆಡಿನ ಬುರುಡೆಯ ಆಕಾರ ಅಳೆಯುವುದು: ತ್ರೀಡಿ ಸ್ಲೈಸರ್‌ನಲ್ಲಿ ಕೆಲಸ ಮಾಡುವ ಬಗೆ

ಬೀದರ್, ಕಲಬುರಗಿ ಕಡೆ ಉಸ್ಮಾನಾಬಾದಿ ಆಡಿನ ತಲೆಗೆ ಬರವಿಲ್ಲ. ಆದರೆ ಮಟನ್ ಅಂಗಡಿಯವರಿಗೆ ಮೊದಲೇ ಹೇಳಿಡಿ, ಭೇಜಾ ತೆಗೆಯಲು ಒಡೆಯಬಾರದು. ಕತ್ತಿ ಬಿದ್ದ ತಲೆಯಲ್ಲಿ ಅಳತೆಗೆ ಗುರುತಿಡಬೇಕಾದ ಹಣೆಮೂಳೆಯ ಬಿಂದುಗಳು ಹೋದಂತೆಯೇ ಲೆಕ್ಕ. ಬಾಯಿಗೂಡಿದ ಆಡುಗಳನ್ನೇ ಆರಿಸಿ. ತೀರ ಮುದಿ ಆಡಿನಲ್ಲಿ ಮೂಳೆಗಳ ನಡುವಿನ ಹೊಲಿಗೆಗೆರೆ ಬೆಸೆದುಹೋಗಿ ಬಿಂದು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ.

ಕ್ಯಾಲಿಪರ್ ಉದ್ದ ಹೇಳುತ್ತದೆ, ಆಕಾರ ಹೇಳುವುದಿಲ್ಲ. ಆಕಾರಕ್ಕೆ ಸಿಟಿ ಸ್ಕ್ಯಾನ್ ಚಿತ್ರಗಳಿಂದ ಮೂರು ಆಯಾಮದ ಮಾದರಿ ಮಾಡುವ ತಂತ್ರಾಂಶ ತ್ರೀಡಿ ಸ್ಲೈಸರ್, ಅದರೊಳಗೆ ಆಕಾರ ಅಳೆಯಲು ಸೇರಿಸಿಕೊಳ್ಳುವ ಸ್ಲೈಸರ್‌ಮಾರ್ಫ್ ಸಾಕು, ಎರಡೂ ಉಚಿತ. ಸ್ಲೈಸರ್ ಹಾಕಿಕೊಂಡು, ಎಕ್ಸ್‌ಟೆನ್ಶನ್ಸ್ ಮ್ಯಾನೇಜರ್‌ನಲ್ಲಿ ಸ್ಲೈಸರ್‌ಮಾರ್ಫ್ ಹುಡುಕಿ ಇನ್‌ಸ್ಟಾಲ್ ಮಾಡಿ, ಒಮ್ಮೆ ಮುಚ್ಚಿ ತೆರೆಯಿರಿ. ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಇರಲಿ. ಕನ್ನಡ ಅಕ್ಷರವಿದ್ದರೆ ಕೆಲವು ಮಾಡ್ಯೂಲ್‌ಗಳು ಫೈಲ್ ತೆರೆಯದೆ ಕೈಕೊಡಬಹುದು.

ಬುರುಡೆಯ ಸಿಟಿ ಮಾಡಿಸಲು ಸ್ಕ್ಯಾನ್ ಸೆಂಟರ್‌ಗೆ ಹೋದಾಗ ಫಿಲ್ಮ್ ಬೇಡ, ಡೈಕಾಮ್ (ಸ್ಕ್ಯಾನ್ ಚಿತ್ರಗಳ ಮೂಲ ಫೈಲ್) ಸಿಡಿ ಬೇಕು ಎನ್ನಿ. ಸ್ಲೈಸ್, ಅಂದರೆ ಒಂದೊಂದು ಅಡ್ಡಸೀಳಿನ ದಪ್ಪ, 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿರಲಿ, 5 ಮಿ.ಮೀ. ಆದರೆ ಮೂಳೆಯ ಮೇಲ್ಮೈ ಮೆಟ್ಟಿಲಿನಂತೆ ಬರುತ್ತದೆ. ಸಿಡಿಯಲ್ಲಿ ಎರಡೂ ಇರಬಹುದು, ಚಿತ್ರಗಳ ಸಂಖ್ಯೆ ಹೆಚ್ಚಿರುವ ಸರಣಿಯನ್ನು ತೆರೆಯಿರಿ. ಖರ್ಚು ಉಳಿಸಬೇಕೆಂದರೆ ಒಂದೇ ಥರ್ಮಾಕೋಲ್ ಹಾಳೆಯ ಮೇಲೆ ನಾಲ್ಕು ಬುರುಡೆ, ಒಂದಕ್ಕೊಂದು ತಾಗದಂತೆ ಇಡಿ. ಥರ್ಮಾಕೋಲ್ ಸಿಟಿಯಲ್ಲಿ ಗಾಳಿಯಷ್ಟೇ ಹಗುರ, ಮುಂದೆ ತಾನೇ ಮಾಯವಾಗುತ್ತದೆ. ಯಾವುದು ಎಲ್ಲಿತ್ತೆಂದು ಕಾಗದದಲ್ಲಿ ಬರೆದುಕೊಳ್ಳದೆ ಬಂದರೆ ಸ್ಕ್ಯಾನ್ ದಂಡ.

512×512 ಅಳತೆಯ 600 ಚಿತ್ರಗಳೆಂದರೆ ಸುಮಾರು 300 ಎಂಬಿ. ಅದರ ಹತ್ತು ಪಟ್ಟು ರ್‍ಯಾಮ್ ಇರಬೇಕೆಂಬುದು ಸ್ಲೈಸರ್‌ನ ಮಾಮೂಲು ಲೆಕ್ಕ, ಅಂದರೆ 3 ಜಿಬಿ. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ನಡೆಯುತ್ತದೆ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಪ್ರತಿ ಬುರುಡೆ ಮುಗಿದಾಗಲೂ ಕಂಟ್ರೋಲ್-ಎಸ್ ಒತ್ತಿ.

ಚಿತ್ರದಿಂದ ಮೂಳೆಯನ್ನು ಬೇರ್ಪಡಿಸುವ ಸೆಗ್ಮೆಂಟ್ ಎಡಿಟರ್‌ನಲ್ಲಿ ಥ್ರೆಶೋಲ್ಡ್ ಕೆಳಮಿತಿಯನ್ನು 250 ಹೌನ್ಸ್‌ಫೀಲ್ಡ್‌ನಿಂದ (ಸಿಟಿಯಲ್ಲಿ ಸಾಂದ್ರತೆಯ ಅಳತೆ) ಶುರು ಮಾಡಿ. ಮೂಗಿನ ಮೂಳೆಯಲ್ಲಿ ತೂತು ಬಿದ್ದರೆ ಇಳಿಸಿ, ಮೂಳೆಯಲ್ಲದ ಚುಕ್ಕೆಗಳ ಗದ್ದಲ ಕಂಡರೆ ಏರಿಸಿ. ಒಂದು ಸಂಖ್ಯೆ ನಿಂತ ಮೇಲೆ ಎಲ್ಲ ಬುರುಡೆಗಳಿಗೂ ಅದೇ. ಬದಲಿಸಿದರೆ ಮೇಲ್ಮೈ ಒಳಗೆ-ಹೊರಗೆ ಸರಿದು, ಆ ವ್ಯತ್ಯಾಸ ಆಕಾರದ್ದೆಂದು ನೀವೇ ಮೋಸಹೋಗುತ್ತೀರಿ. ಐಲ್ಯಾಂಡ್ಸ್ ಪರಿಕರದಲ್ಲಿ ನಾಲ್ಕನ್ನೂ ಬೇರೆಬೇರೆ ಸೆಗ್ಮೆಂಟ್ ಮಾಡಿ. ಮೇಲ್ಮೈ ನಯ ಮಾಡುವ ಸ್ಮೂದಿಂಗ್ ಕೈಬಿಗಿಹಿಡಿದು ಬಳಸಿ, ಕಣ್ಣುಗುಳಿಯ ತೆಳು ಅಂಚು ಮೊದಲು ಸವೆಯುವುದು ಅದರಿಂದಲೇ.

ಇಲ್ಲಿಂದ ಮುಂದಿನದೇ ನಿಜವಾದ ಕೆಲಸ: ಬಿಂದು, ಅಂದರೆ ಲ್ಯಾಂಡ್‌ಮಾರ್ಕ್ ಇಡುವುದು. ನಡುಗೆರೆಯ ಮೇಲೆ 6, ಎಡಬಲದಲ್ಲಿ 6 ಜೋಡಿ, ಒಟ್ಟು 18 ಸಾಕು. ಹಣೆಮೂಳೆ-ಮೂಗಿನ ಮೂಳೆ ಕೂಡುವಲ್ಲಿ, ಮಹಾರಂಧ್ರದ (ಬೆನ್ನುಹುರಿ ಹಾದುಹೋಗುವ ಹಿಂದಿನ ದೊಡ್ಡ ತೂತು) ಮೇಲಂಚು-ಕೆಳಂಚಿನಲ್ಲಿ, ಹೀಗೆ ಮೂಳೆಗಳೇ ತೋರಿಸುವ ಜಾಗಗಳನ್ನು ಆರಿಸಿ. "ಹಣೆಯ ಅತಿ ಉಬ್ಬಿದ ಜಾಗ" ಎನ್ನುವಂಥವನ್ನು ಕೈಬಿಡುವುದು ವಾಸಿ, ಅದು ದಿನಕ್ಕೊಂದು ಕಡೆ ಕಾಣುತ್ತದೆ.

ಕಣ್ಣಿನ ಕೆಳಗಿನ ರಂಧ್ರದ ಬಿಂದುವಿನಲ್ಲಿ ಎಲ್ಲರೂ ಎಡವುತ್ತಾರೆ. ತೂತಿನ ನಟ್ಟನಡುವೆ ಕ್ಲಿಕ್ ಮಾಡಿದರೆ ಬಿಂದು ಒಳಗಿನ ಗೋಡೆಗೆ ಹೋಗಿ ಅಂಟುತ್ತದೆ. ಮುಂದಿನಿಂದ ನೋಡಿದರೆ ಸರಿಯಾಗೇ ಕಾಣುತ್ತದೆ, ಬುರುಡೆ ತಿರುಗಿಸಿದಾಗಲೇ ಗೊತ್ತಾಗುವುದು. ರಂಧ್ರದ ಅಂಚಿನ ಮೇಲೆ, ಮೇಲ್ಭಾಗದಲ್ಲಿ ಇಡಿ. ಪ್ರತಿ ಬಿಂದು ಇಟ್ಟ ಮೇಲೂ ತಿರುಗಿಸಿ ನೋಡಿ.

ಎಲ್ಲ ಬುರುಡೆ ಮಾಡುವ ಮುನ್ನ ಮೂರನ್ನೇ, ಒಂದೊಂದು ದಿನ ಬಿಟ್ಟು, ಮೂರು ಸಲ ಮಾಡಿ. 9 ಫೈಲ್‌ಗಳನ್ನೂ ಸ್ಲೈಸರ್‌ಮಾರ್ಫ್‌ನ ಜಿಪಿಎ ಮಾಡ್ಯೂಲ್‌ಗೆ ಕೊಟ್ಟರೆ ಅದು ಎಲ್ಲವನ್ನೂ ಒಂದೇ ಗಾತ್ರಕ್ಕೆ ತಂದು, ಸರಿಸಿ, ತಿರುಗಿಸಿ ಹೊಂದಿಸಿ ಪಿಸಿಎ ನಕ್ಷೆ (ಆಕಾರ ಹೋಲುವವುಗಳ ಚುಕ್ಕೆ ಹತ್ತಿರ ಬೀಳುವ ನಕ್ಷೆ) ಕೊಡುತ್ತದೆ. ಒಂದೇ ಬುರುಡೆಯ ಮೂರು ಚುಕ್ಕೆಗಳು ಒತ್ತಟ್ಟಿಗೆ ಗುಂಪಾಗಿರಬೇಕು. ಬೇರೆ ಬುರುಡೆಗಳೊಂದಿಗೆ ಕಲಸಿಹೋದರೆ ಬಿಂದುಗಳ ವಿವರಣೆಯೇ ಸಡಿಲ. ಅದನ್ನು ತಿದ್ದದೆ ಮುಂದಕ್ಕೆ ಹೋಗಬೇಡಿ.

ನೆನಪಿರಲಿ, 12 ಬುರುಡೆಗಳಿಂದ ಹೆಚ್ಚೆಂದರೆ 11 ಪಿಸಿ (ಪಿಸಿಎ ಬಿಡಿಸಿ ತೋರಿಸುವ ವ್ಯತ್ಯಾಸದ ದಿಕ್ಕುಗಳು) ಬರುತ್ತವೆ, ಬಿಂದುಗಳನ್ನು ಎಷ್ಟೇ ಹೆಚ್ಚಿಸಿದರೂ. ಇನ್ನು ಹೋತ, ಹೆಣ್ಣು, ಮರಿ ಎಲ್ಲ ಬೆರೆಸಿದರೆ ಮೊದಲ ಪಿಸಿ ಬಹುಪಾಲು ಗಾತ್ರದ ಜೊತೆಗೇ ಬದಲಾಗುವ ಆಕಾರದ ಕಥೆ ಹೇಳುತ್ತದೆ. ಜಿಪಿಎ ಕೊಡುವ ಸೆಂಟ್ರಾಯ್ಡ್ ಗಾತ್ರದೊಂದಿಗೆ (ಹೊಂದಿಸುವ ಮುನ್ನ ಬುರುಡೆಗಿದ್ದ ಒಟ್ಟು ಗಾತ್ರ) ಪಿಸಿ ಅಂಕಗಳನ್ನು ಹೋಲಿಸಿ ನೋಡಿ, ಆಮೇಲೆ ತಳಿಯ ಮಾತು.

ನಕ್ಷೆಯಲ್ಲಿ ಒಂದೇ ಬುರುಡೆ ದೂರ ಹಾರಿ ಕೂತರೆ ಹೊಸ ತಳಿ ಸಿಕ್ಕಿತೆಂದು ಹಿಗ್ಗಬೇಡಿ. ಆ ಫೈಲ್ ತೆರೆದು 7-8ನೇ ಬಿಂದುವಿನಂಥ ಎಡ-ಬಲ ಜೋಡಿ ಅದಲುಬದಲಾಗಿದೆಯೇ ನೋಡಿ. ಮುರಿದ ಕಡೆ ಬಿಂದು ಬಿಟ್ಟಿದ್ದರೆ ಅದರ ಮುಂದಿನವೆಲ್ಲ ಒಂದೊಂದು ಸಂಖ್ಯೆ ಹಿಂದೆ ಜಾರಿರುತ್ತವೆ. ಒಂದು ಬಿಂದುವಿನ ತಪ್ಪನ್ನು ಜಿಪಿಎ ಮಿಕ್ಕೆಲ್ಲಕ್ಕೂ ಹಂಚಿಬಿಡುವುದರಿಂದ, ಹೊಂದಿಸಿದ ಮೇಲೆ ಯಾವುದು ಕೆಟ್ಟಿತ್ತೆಂದು ಕಣ್ಣಿಗೆ ಕಾಣುವುದಿಲ್ಲ. ಹೊಂದಿಸುವ ಮುನ್ನಿನ ಬಿಂದುಗಳನ್ನೇ, ಬುರುಡೆಯ ಮೇಲೆ ಸಂಖ್ಯೆ ಸಮೇತ ತೆರೆದು ಹುಡುಕಿ.